ಅಪ್ಪನ ಕಾಯಿಲೆಗೆ ಅವ್ವನ ಬಾಯಿಗೆ ಥರ್ಮಾಮೀಟರು

ಸ್ನೇಹಿತರೇ, ಮೊನ್ನೆ ಹರಿಹರದ ಡಾಕ್ಟರ ಹತ್ತಿರ ನಡೆದದ್ದು ಕೇಳಿ.

ದಾವಣಗೆರೆಯ ಹತ್ತಿ ಅಂಗಡಿಯನ್ನು ನಮ್ಮಣ್ಣನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೆ ಅಪ್ಪ ಮಂಕಾಗಿದ್ದರು. ನಾನೂ ಅವ್ವನೂ ಕರೆದುಕೊಂಡು ಹೋದಾಗ ಡಾಕ್ಟರು ಅವರನ್ನು ಎದುರಿಗೆ ಕೂರಿಸಿಕೊಂಡು, "ಮನಸ್ಸಿನಾಗಿರೋದನ್ನ ಮಾತಾಡ್ರಿ, ಅದೇ ಔಷಧಿ" ಎಂದರು. ಮಾತಾಡಿದ್ದು ಪಕ್ಕದಲ್ಲಿದ್ದ ಅವ್ವ.

"ನಿದ್ದೆ ಬರುತ್ತಾ ಯಜಮಾನ್ರೇ?"

"ಎಲ್ಲಿ ಬರ್ತೈತ್ರಿ, ರಾತ್ರಿಯೆಲ್ಲ ಹೊರಳಾಡ್ತಾರೆ," ಎಂದಳು ಅವ್ವ.

"ಏನು ಚಿಂತೆ?"

"ಅವರಿಗೆಂಥ ಚಿಂತೆ ಬಿಡ್ರಿ, ಎಲ್ಲಾ ಐತೆ!"

ಡಾಕ್ಟರು ಎದ್ದು, "ಅಮ್ಮಾ, ಬಾಯಿ ತೆಗೀರಿ" ಎಂದು ಅವ್ವನ ನಾಲಿಗೆಯಡಿ ಥರ್ಮಾಮೀಟರು ಇಟ್ಟರು. "ನಾನು ಹೇಳೋ ತನಕ ತುಟಿ ಬಿಚ್ಚಬ್ಯಾಡ್ರಿ."

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬೆಳಗಾದ್ರೆ ಎದೆ ಡವಡವ ಅಂತೈತ್ರಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲ್ಲ" ಎಂದರು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಥರ್ಮಾಮೀಟರು ತೆಗೆದ ಕೂಡಲೇ ಅವ್ವ ಕಣ್ಣೊರೆಸಿಕೊಂಡು, "ಇಷ್ಟು ದಿನ ನನಗ್ಯಾಕ ಹೇಳಲಿಲ್ರಿ?" ಎಂದಳು.

"ನಿನ್ನ ಮಾತು ಮುಗೀಲಿ ಅಂತ ಕಾಯ್ತಿದ್ದೆ," ಎಂದರು ಅಪ್ಪ.

ಸ್ಟೇಷನ್ನಿಗೆ ಬರುವಾಗ ಜಟಕಾದಲ್ಲಿ ಅವ್ವ ನನ್ನ ಕಿವಿಯಲ್ಲಿ, "ಆ ಗಾಜಿನ ಕಡ್ಡಿ ನಮ್ಮ ಪ್ಯಾಟ್ಯಾಗ ಸಿಗುತ್ತಾ, ವಿಚಾರಿಸು" ಎಂದಳು.

ತಂದುಕೊಟ್ಟಿದ್ದೇನೆ. ನಮ್ಮ ಮನೆಯಲ್ಲಿ ಯಾರಿಗೂ ಜ್ವರವಿಲ್ಲ.