ತನ್ನ ಅಳತೆಯ ಬಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನದಿ ಕಡಲು ಸೇರುವ ಕಡೆ, ಕೆಸರು ಬಣ್ಣದ ನೀರಿನ ಮೇಲೆ ಪುಟ್ಟ ದೋಣಿಯೊಂದು ನಿಂತಿದೆ. ಅದರ ಮುಂತುದಿಯಲ್ಲಿ, ಉಟ್ಟ ಬಟ್ಟೆಯನ್ನು ಮೊಣಕಾಲಿಗೆತ್ತಿ ಕಟ್ಟಿಕೊಂಡ ಹೆಂಗಸು. ಬೀಸುಬಲೆಯ ಹಗ್ಗದ ಕುಣಿಕೆ ಎಡ ಮಣಿಕಟ್ಟಿನಲ್ಲಿ, ಅಂಚಿನ ಸೀಸದ ಗುಂಡೊಂದು ಹಲ್ಲಿನ ನಡುವೆ, ಉಳಿದ ಭಾರವೆಲ್ಲ ಮೊಣಕೈ ಮೇಲೆ. ಸೊಂಟ ಒಮ್ಮೆ ಹಿಂದಕ್ಕೆ ತಿರುಗಿ ಮುಂದಕ್ಕೆ ಬರುತ್ತದೆ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ.

ಹಿಂದೆ ಹುಟ್ಟು ಹಿಡಿದು ಕೂತವರು ಆಕೆಯ ಗಂಡ. “ಗುಂಡು ಬಾಯಲ್ಲಿದ್ದಷ್ಟು ಹೊತ್ತಾದ್ರೂ ಇವಳು ಸುಮ್ನಿರ್ತಾಳೆ. ನನಗೆ ಅದೇ ಲಾಭ,” ಎನ್ನುತ್ತಾರೆ.

“ಕೇಳಿಸ್ತು ಕಣ್ರೀ!” ಗುಂಡು ಈಗ ನೀರಿನಲ್ಲಿದೆ, ಬಾಯಿ ಖಾಲಿ.

ದಂಡೆಯವರೆಲ್ಲ ಆಕೆಯನ್ನು ಕರೆಯುವುದು ಮುಳುಗಕ್ಕ ಎಂದು. ಹೋದ ವರ್ಷದವರೆಗೂ ಆಕೆಗೆ ಹೆಸರೇ ಇರಲಿಲ್ಲ ಎಂದರೂ ನಡೆಯುತ್ತದೆ, ಬರೀ ‘ಅವನ ಹೆಂಡತಿ’. ಮದುವೆಯಾದಾಗಿನಿಂದ ಗಂಡ ಮುಂದೆ ನಿಂತು ಬೀಸುವವರು, ಆಕೆ ಹಿಂದೆ ಕೂತು ದೋಣಿ ನಡೆಸುವವರು. “ಹುಟ್ಟು ಹಾಕೋದು, ಹರಿದ ಬಲೆ ಹೆಣೆಯೋದು, ಮೀನು ಆರಿಸೋದು, ಬುಟ್ಟಿ ಹೊತ್ತು ಮಾರೋದು, ಎಲ್ಲಾ ನಂದೇ. ದಂಡೆಗೆ ಬಂದ ತಕ್ಷಣ ಮಾತ್ರ ಎಲ್ರೂ ಅವರನ್ನೇ ಕೇಳೋರು, ಇವತ್ತೇನು ಸಿಕ್ತಣ್ಣ ಅಂತ. ನಾನು ದೋಣೀಲಿ ಇಟ್ಟ ಕೊಡದ ಥರ ಕೂತಿರ್ತಿದ್ದೆ,” ಎಂದು ನಗುತ್ತಾರೆ.

ಒಂದು ದಿನ ಗಂಡನ ಬಲ ಹೆಗಲು ಕೈಕೊಟ್ಟಿತು. ಹುಟ್ಟು ಹಾಕುವಷ್ಟು ಶಕ್ತಿ ಉಳಿಯಿತು, ಆದರೆ ಕೈ ಎತ್ತಿ ಬೀಸುವುದು ಆಗಲಿಲ್ಲ. ಇಲ್ಲಿ ಬಲೆ ಬೀಸಲು ಒಂದೊಂದು ಮನೆಗೆ ಒಂದೊಂದು ಜಾಗವಿದೆ. ಮನೆಯಲ್ಲಿ ಬೀಸುವ ಕೈ ಇರುವವರೆಗೆ ಮಾತ್ರ ಆ ಜಾಗ ಅವರದು. ಅದು ಗಂಡಸಿನ ಕೈ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳಬೇಕಾಗಿಯೂ ಬಂದಿರಲಿಲ್ಲ. ಮೀನುಗಾರರ ಸಂಘದ ಹಿರಿಯರು, ಎಲ್ಲರ ಬಾಯಲ್ಲೂ ದೊಡ್ಡಪ್ಪ, ಮನೆಗೇ ಬಂದು ಕೂತು ಬುದ್ಧಿ ಹೇಳಿದರು: “ಜಾಗಾನ ನಿನ್ನ ಮೈದುನನಿಗೆ ಬಿಟ್ಕೊಡಮ್ಮ. ಮನೇಲೇ ಉಳಿಯುತ್ತೆ.” ಕೆಟ್ಟ ಮನಸ್ಸಿನ ಮಾತೇನಲ್ಲ. ಆದರೆ ಮೈದುನನಿಗೆ ಅವನದೇ ದೋಣಿ, ಅವನದೇ ಸಂಸಾರ. ಇವರ ಒಲೆ ಉರಿಯುತ್ತಿದ್ದದ್ದು ಈ ಜಾಗದಿಂದ.

“ಮಳೆ ಕಳೆದು ಸಭೆ ಸೇರೋವರೆಗೆ ಟೈಮ್ ಕೊಡಿ ದೊಡ್ಡಪ್ಪ, ನಾನೇ ಬೀಸ್ತೀನಿ” ಎಂದುಬಿಟ್ಟರು ಆಕೆ. ದೊಡ್ಡಪ್ಪ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, “ಆಯ್ತು, ಸಭೆವರೆಗೆ ನೋಡೋಣ” ಎಂದರಂತೆ.

ಕಲಿಕೆ ಶುರುವಾದದ್ದು ಹಿತ್ತಲಲ್ಲಿ. ಬಟ್ಟೆ ಒಗೆಯುವ ಕಲ್ಲೇ ಮೀನು. ಎಷ್ಟು ಬೀಸಿದರೂ ಬಲೆ ಒದ್ದೆ ಕಂಬಳಿಯ ಹಾಗೆ ಮುದ್ದೆಯಾಗಿ ಬೀಳುತ್ತಿತ್ತು. ಕಾರಣ ಆಕೆಗೆ ಗೊತ್ತಿತ್ತು. ಬೀಸುಬಲೆ ಹೆಣೆಯುವುದು ಬೀಸುವವರ ಎತ್ತರ ನೋಡಿ. ಗಂಡ ಬಿದಿರಿನಷ್ಟು ಉದ್ದ, ಈಕೆ ಅವರ ಕಂಕುಳಿಗೂ ಬರುವುದಿಲ್ಲ. ಆ ಬಲೆಯನ್ನು ಗಂಡನ ಅಳತೆಗೆ ಹೆಣೆದವರೂ ಆಕೆಯೇ. “ಆದ್ರೂ ಬಾಯಿ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತ ಆಡ್ಕೊಂಡು ನಗ್ತಾರಲ್ಲ, ಅದಕ್ಕೆ!” ಬಲೆಯನ್ನು ಕೈಗೆ ಇನ್ನೊಂದು ಸುತ್ತು ಹೆಚ್ಚು ಸುತ್ತಿಕೊಂಡು ಬೀಸಿ ಬೀಸಿ, ಕೊನೆಗೊಂದು ದಿನ ಕಲ್ಲು ಬಲೆಯೊಳಗೆ ಸಿಕ್ಕಿತು.

ಇನ್ನು ನೀರಿನ ಪಾಠ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಹೆಂಡತಿ ಬೀಸಲು ಸೊಂಟ ತಿರುಗಿಸಿದ್ದೇ ತಡ, ಹಿಂದೆ ಕೂತ ಗಂಡನೂ ತಾವೇ ಬೀಸುವವರ ಹಾಗೆ ಪಕ್ಕಕ್ಕೆ ವಾಲಿದರು. ದೋಣಿ ಮಗುಚಲಿಲ್ಲ, ಆಕೆ ಮಾತ್ರ ಎಲ್ಲ ದೋಣಿಗಳ ಎದುರಿಗೇ ದುಡುಮ್ಮನೆ ನೀರಿಗೆ ಬಿದ್ದರು. ಎದ್ದಾಗ ಹಗ್ಗ ಇನ್ನೂ ಕೈಯಲ್ಲಿತ್ತು. ಪಕ್ಕದ ದೋಣಿಯಿಂದ ದೊಡ್ಡಪ್ಪ ಕೂಗಿದರು: “ಹಗ್ಗ ಬಿಡ್ಲಿಲ್ವಲ್ಲ, ಗಟ್ಟಿಗಿತ್ತಿ!”

“ಕೈಗೆ ಕಟ್ಟಿತ್ತು ದೊಡ್ಡಪ್ಪ. ಬಿಡೋಕಾಗ್ಲಿಲ್ಲ, ಅಷ್ಟೆ.”

ಅವತ್ತೇ ಮುಳುಗಕ್ಕ ಎಂಬ ಹೆಸರು ಬಿತ್ತು. “ಬೇಜಾರೇನಿಲ್ಲಪ್ಪ. ಮುಳುಗಿದ್ದು ನಾನೇ ತಾನೆ? ಹೆಸರೂ ನಂದೇ,” ಎನ್ನುತ್ತಾರೆ.

ಮಳೆ ಕಳೆದು ಸಭೆ ಸೇರಿದಾಗ ಗಂಡಸರು ಚಾಪೆಯ ಮೇಲೆ, ಹೆಂಗಸರು ಎಂದಿನಂತೆ ಬಾಗಿಲ ಬಳಿ. “ನಿನ್ನ ಜಾಗಕ್ಕೆ ಬೀಸೋರು ಯಾರಪ್ಪ?” ಎಂದು ದೊಡ್ಡಪ್ಪ ಗಂಡನನ್ನು ಕೇಳಿದರು. ಹತ್ತು ಮಾತಿಗೆ ಒಂದು ಮಾತಾಡುವ ಆ ಮನುಷ್ಯ ಎದ್ದು ನಿಂತರು. “ನಾನು ಹುಟ್ಟು ಹಾಕೋನು. ಬೀಸೋಳು ಬಾಗಿಲ ಹತ್ರ ನಿಂತಿದ್ದಾಳೆ. ಅವಳನ್ನೇ ಕೇಳಿ.”

ಯಾರೋ ಗೊಣಗಿದರು: “ಮತ್ತೆ ಬಿದ್ರೆ?”

“ಮತ್ತೆ ಏಳ್ತೀನಿ,” ಎಂದರು ಮುಳುಗಕ್ಕ. ದೊಡ್ಡಪ್ಪ ಪಕ್ಕಕ್ಕೆ ಸರಿದು ಚಾಪೆ ತಟ್ಟಿದರು. “ಹಾಗಾದ್ರೆ ಅಲ್ಯಾಕೆ ನಿಂತಿದ್ದೀಯಮ್ಮ? ಬಾ, ಕೂತ್ಕೋ.”

ಜಾಗ ಉಳಿಯಿತು. ಈಗ ಬೆಳಗಾದರೆ ನಲವತ್ತು ಐವತ್ತು ಸಲ ಬೀಸು, ಬಿಸಿಲೇರುವ ಹೊತ್ತಿಗೆ ದಂಡೆ, ಸಂಜೆ ಹಿತ್ತಲು. ಅಲ್ಲಿ ಇನ್ನಿಬ್ಬರು ಹೆಂಗಸರು ಅದೇ ಕಲ್ಲಿಗೆ ಬಲೆ ಬೀಸಿ ಕಲಿಯುತ್ತಿದ್ದಾರೆ. ಕಲ್ಲು ಇನ್ನೂ ತಪ್ಪಿಸಿಕೊಳ್ಳುತ್ತಿದೆ.

ಜಗಲಿಯಲ್ಲಿ ಗಂಡ ಬಲೆ ಹೆಣೆಯುತ್ತಾ ಕೂತಿದ್ದಾರೆ. ಈ ಕೆಲಸ ಹೆಂಡತಿಯಿಂದ ಕಲಿತದ್ದು, ಗಂಟು ಇನ್ನೂ ಸೊಟ್ಟ. ಅರ್ಧ ಮುಗಿದ ಬಲೆ ಹಿಡಿದು ಕರೆಯುತ್ತಾರೆ, “ಬಾರೇ ಇಲ್ಲಿ, ನೆಟ್ಟಗೆ ನಿಲ್ಲು.” ಆಕೆಯ ಹೆಗಲಿಗೆ ಹಿಡಿದು ನೋಡಿ, ಮತ್ತೆ ಕೂತು ಹೆಣೆಯುತ್ತಾರೆ.

ಮುಂದೇನು ಆಸೆ ಎಂದರೆ ಮುಳುಗಕ್ಕ ಆ ಬಲೆಯನ್ನೇ ತೋರಿಸುತ್ತಾರೆ. “ಇದು ಬೇಗ ಮುಗೀಲಿ, ಅಷ್ಟೆ. ಜೀವಮಾನವೆಲ್ಲ ಇನ್ನೊಬ್ಬರ ಅಳತೆಗೆ ಬಲೆ ಹೆಣೆದೆ. ನನ್ನನ್ನ ನಿಲ್ಲಿಸಿ ಅಳತೆ ತಗೊಂಡಿದ್ದು ಇದೇ ಮೊದಲು.”