ಅತ್ತೆಯ ಕಷಾಯ, ಹಂದಿಯ ಹೃದಯ

ನನ್ನ ಎದೆಯಲ್ಲಿರುವುದು ನನ್ನ ಹೃದಯವಲ್ಲ. ಅಪಘಾತದಲ್ಲಿ ತೀರಿಕೊಂಡ ಯಾರದೋ ಮನೆಯವರು ದಾನ ಕೊಟ್ಟದ್ದು. ಅದನ್ನು ಹೊತ್ತು ಹೊಸಕೋಟೆ ಬಳಿಯ ನಮ್ಮ ಮನೆಗೆ ಬಂದ ದಿನವೇ, ಸೋಂಕು ತಗುಲಬಾರದೆಂದು ನನ್ನನ್ನು ಮಹಡಿಯ ಕೋಣೆಗೆ ಹಾಕಿದರು. ಕೆಳಗೆ ಕೊಟ್ಟಿಗೆ, ಮದುವೆಯಾಗಿ ಬಂದಾಗಿನಿಂದ ನಾನೇ ಹಾಲು ಕರೆದ ಹಸುಗಳು. ಈಗ ಅವುಗಳ ಮೈ ಮುಟ್ಟುವಂತಿಲ್ಲ, ಮಣ್ಣು ಮುಟ್ಟುವಂತಿಲ್ಲ, ಹೂವನ್ನೂ ಮುಡಿಯುವಂತಿಲ್ಲ. ನೆಂಟರು ಬಾಗಿಲಾಚೆಯೇ ನಿಂತು, ಮೃಗಾಲಯಕ್ಕೆ ಬಂದವರಂತೆ ನೋಡಿ ಹೋಗುತ್ತಿದ್ದರು. ಬದುಕಿಸಿದ್ದು ಇದಕ್ಕಾ ಎಂದು ಯಜಮಾನರ ಮೇಲೆ ಹರಿಹಾಯುತ್ತಿದ್ದೆ.

ಬೆಳಿಗ್ಗೆ ಒಳಗೆ ಬರುತ್ತಿದ್ದವರು ಅತ್ತೆ ಒಬ್ಬರೇ, ಮಾಸ್ಕ್ ಹಾಕಿಕೊಂಡು, ಲೋಟದ ತುಂಬ ಕಷಾಯ ಹಿಡಿದು. ಬೇಲಿಯ ಅಮೃತಬಳ್ಳಿ, ಮೆಣಸು, ಶುಂಠಿ. ಕೊರೋನಾ ಕಾಲದಿಂದ ನಮ್ಮ ಮನೆಯಲ್ಲಿ ಅದು ರೂಢಿ. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆ ತಲೆಯಿಲ್ಲ ಎಂಬುದು ಅತ್ತೆಯ ವಾದ. ನನ್ನ ರೋಗನಿರೋಧಕ ಶಕ್ತಿ ಕಡಿಮೆ ಇರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಕಡಿಮೆ ಇದ್ದರೆ ಹೆಚ್ಚಿಸಬೇಕು, ಅದರಲ್ಲಿ ಕೇಳುವುದೇನಿದೆ? ನಾನೂ ಕುಡಿದೆ. ಆ ನೆಪದಲ್ಲಾದರೂ ಒಂದು ಜೀವ ಕೋಣೆಗೆ ಬರುತ್ತಿತ್ತಲ್ಲ.

ಆಮೇಲೆ ಕಾಲು ಊದಿಕೊಂಡವು, ಮಾತಾಡಿದರೆ ಏದುಸಿರು. ಹೃದಯದಿಂದ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, ನನ್ನ ಮೈ ಅದನ್ನು ಪರರದೆಂದು ಗುರುತು ಹಿಡಿದುಬಿಟ್ಟಿದೆ ಎಂದರು. ಏನೇನು ತಿಂದಿರಿ, ಕುಡಿದಿರಿ ಎಂದು ಕೇಳಿದಾಗ ಕಷಾಯದ ವಿಷಯ ಹೊರಬಿತ್ತು. ಹೊಸ ಹೃದಯದ ಮೇಲೆ ಬೀಳದಿರಲೆಂದು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ಮಾತ್ರೆ ಕೊಟ್ಟು ಮಲಗಿಸಿಟ್ಟಿದ್ದರಂತೆ. ನಾವು ದಿನಾ ಎಬ್ಬಿಸಲು ಹೊರಟಿದ್ದೆವು. ಅದೊಂದೇ ಕಾರಣವೆನ್ನಲಾಗದು ಎಂದು ಅವರು ಮೆತ್ತಗೆ ಹೇಳಿದರೂ ಅತ್ತೆಯ ಮುಖ ಬಿಳಿಚಿಕೊಂಡಿತು. ಇಂಜೆಕ್ಷನ್‌ಗಳಿಂದ ಸದ್ಯಕ್ಕೆ ತಹಬಂದಿಗೆ ಬಂತು. ಇನ್ನೊಮ್ಮೆ ಹೀಗಾದರೆ ಈ ಹೃದಯ ತಾಳುವುದಿಲ್ಲ, ಬೇರೊಂದು ಸಿಗುವುದೂ ಕಷ್ಟ ಎಂದರು.

ಯಜಮಾನರು ಫೋನಿನಲ್ಲಿ ನೋಡಿದ್ದನ್ನು ಕೇಳಿಯೇಬಿಟ್ಟರು. ಹೊರದೇಶದಲ್ಲಿ ಹಂದಿಯ ಹೃದಯ ಹಾಕುತ್ತಾರಂತಲ್ಲ? ನಾನು ಅತ್ತೆಯತ್ತ ನೋಡಿದೆ. ಶನಿವಾರ ಮೊಟ್ಟೆಯನ್ನೂ ಹೊಸಿಲು ದಾಟಿಸದ ಹೆಂಗಸು.

"ಹಂದೀದಾದ್ರೇನು? ವರಾಹಸ್ವಾಮಿ ಅಂತ ಕೈ ಮುಗಿಯಲ್ವಾ? ಹಾಕಿ ಸ್ವಾಮಿ," ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು. ಡಾಕ್ಟರು ನಗಲಿಲ್ಲ. ಹಂದಿಯ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದಂತೆ. ಅದರ ವಿರುದ್ಧ ನಮ್ಮ ರಕ್ತ ಚಿಕ್ಕಂದಿನಿಂದಲೇ ಸಿದ್ಧವಾಗಿ ಕಾದಿರುತ್ತದೆ, ಜೋಡಿಸಿದ ಸ್ವಲ್ಪ ಹೊತ್ತಿಗೇ ಹೃದಯ ಕಪ್ಪಿಟ್ಟು ನಿಲ್ಲುತ್ತದೆ ಎಂದರು. ಅದಕ್ಕೇ ಆ ಸಕ್ಕರೆಯೇ ಇಲ್ಲದ ಹಂದಿಗಳನ್ನು ಬೆಳೆಸುತ್ತಾರೆ. ಆದರೂ ಮೈ ಬೇರೇನನ್ನೋ ಗುರುತು ಹಿಡಿಯುತ್ತದೆ, ಇನ್ನೂ ಬಿಗಿಯಾದ ಔಷಧಿ ಬೇಕು. ಇನ್ನೂ ಬಿಗಿ ಎಂದರೆ ಇನ್ನೂ ಚಿಕ್ಕ ಕೋಣೆ, ಅಷ್ಟು ನನಗೆ ಅರ್ಥವಾಯಿತು. ಹಿಂದೊಮ್ಮೆ ಸತ್ತ ಕರುವಿನ ಚರ್ಮವನ್ನು ತಬ್ಬಲಿ ಕರುವಿಗೆ ಹೊದಿಸಿ, ಕರು ಕಳೆದುಕೊಂಡ ಹಸುವಿಗೆ ಅದು ತನ್ನದೇ ಎಂದು ನಂಬಿಸಿದ್ದು ನೆನಪಾಯಿತು. ಮಧ್ಯಾಹ್ನ ಚರ್ಮ ಜಾರಿತ್ತು, ಹಸು ಒದ್ದಿತ್ತು.

ಮನೆಗೆ ಬಂದವರೇ ಅತ್ತೆ ಗುದ್ದಲಿ ತಂದು ಅಮೃತಬಳ್ಳಿಯ ಬುಡ ಅಗೆದು ಹಾಕಿದರು. ಬೇಲಿಗೆ ಸುತ್ತಿಕೊಂಡದ್ದು ತಾನೇ ಒಣಗಲಿ ಎಂದು ಬಿಟ್ಟರು. ಆಮೇಲೆ ನನ್ನ ಕೋಣೆಯೊಳಗೆ ಕಾಲಿಡಲಿಲ್ಲ. ಊಟವನ್ನು ಬಾಗಿಲಲ್ಲಿಟ್ಟು ಇಳಿದುಬಿಡುತ್ತಿದ್ದರು. ಒಳಗೆ ಬನ್ನಿ ಅತ್ತೆ ಎಂದರೆ, "ನನ್ ಕೈ ಮೇಲೇ ನಂಗೆ ನಂಬ್ಕೆ ಇಲ್ಲ ಕಣವ್ವ," ಎಂದರು.

ಮೊನ್ನೆ ಸಂಜೆ ಕಿಟಕಿಯಿಂದ ನೋಡುತ್ತೇನೆ, ಬುಡವಿಲ್ಲದ ಆ ಬಳ್ಳಿ ತಂತಿಯ ಮೇಲೆಯೇ ಚಿಗುರಿ, ದಾರದಂಥ ಬೇರುಗಳನ್ನು ಮಣ್ಣಿನತ್ತ ಇಳಿಬಿಟ್ಟಿತ್ತು. ಮಲಗಿಸಿಟ್ಟ ನನ್ನ ಶಕ್ತಿಯೂ ಹೀಗೇ ಏಳುತ್ತದೇನೋ ಎಂದು ಹೆದರಿ ಅತ್ತೆಯನ್ನು ಕೂಗಿದೆ. ಕುಡುಗೋಲು ಹಿಡಿದು ಬೇಲಿಯ ಬಳಿ ನಿಂತಿದ್ದ ಅತ್ತೆ ತಲೆ ಎತ್ತಿದರು.

"ಬಿಟ್ಟಷ್ಟೂ ಚಿಗುರ್ತದೆ ಇದು. ನಾನ್ ಕತ್ತರಿಸ್ತಿರ್ತೀನಿ, ನೀನ್ ಮಾತ್ರೆ ನುಂಗು."

ಅವರು ಒಂದೊಂದೇ ಬೇರನ್ನು ಕತ್ತರಿಸತೊಡಗಿದರು. ನಾನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.