‘ಅಲಬೆಡ’ ಎಂದರೂ ಸಿಗಬೇಕು

ಬೆಳಗಿನ ಐದೂಮುಕ್ಕಾಲು. ಇಮೇಲ್ ಕಂಪನಿಯ ಮೂರನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಚಪ್ಪಲಿಯನ್ನು ಮೇಜಿನಡಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಅಕ್ಕಿ ಅಕ್ಕ ಹಿಂದಿನ ದಿನದ ಪಟ್ಟಿ ಓದುತ್ತಿದ್ದಾರೆ. ಇಮೇಲ್‌ನಲ್ಲಿ ಜನ ಹುಡುಕಿ, ಸಿಗದೆ ಕೈಚೆಲ್ಲಿದ ಪದಗಳು ಅವು. ದಿನಕ್ಕೆ ಇನ್ನೂರು, ಕೆಲವೊಮ್ಮೆ ಇನ್ನೂರೈವತ್ತು. ಪದವಷ್ಟೇ ಅವರಿಗೆ ಕಾಣುತ್ತದೆ. ಯಾರ ಪತ್ರವನ್ನೂ ತೆರೆಯುವಂತಿಲ್ಲ.

ಹಿಂದೆ ಅವರು ಕಚೇರಿಯೊಂದರ ಕಡತಕೋಣೆಯಲ್ಲಿದ್ದರು. “ಆಗ ಜನ ಬಂದು ‘ಅದೇ, ಮೂಲೆ ಹರಿದಿತ್ತಲ್ಲ, ಆ ಫೈಲು’ ಅನ್ನೋರು. ನಾನು ತೆಗೆದುಕೊಡ್ತಿದ್ದೆ. ಈಗ ಮಿಷನ್‌ಗೆ ಅದನ್ನೇ ಕಲಿಸ್ತೀನಿ,” ಎನ್ನುತ್ತಾರೆ. ಕಂಪ್ಯೂಟರ್ ಕಲಿತದ್ದು ಸಂಜೆ ತರಗತಿಯಲ್ಲಿ, ಎರಡು ಸಲ ನಪಾಸಾಗಿ.

ಅಡ್ಡಹೆಸರು ಬಂದದ್ದು ಮೊದಲ ವಾರದ ಎಡವಟ್ಟಿನಿಂದ. ‘ಅಕ್ಕನ’, ‘ಅಕ್ಕನಿಗೆ’ ಎಲ್ಲವೂ ‘ಅಕ್ಕ’ ಎಂದು ಹುಡುಕಿದರೇ ಸಿಗಲೆಂದು ಪದಗಳ ಬಾಲ ಕತ್ತರಿಸಲು ಮಿಷನ್‌ಗೆ ಹೇಳಿಕೊಟ್ಟರು. ಕತ್ತರಿ ಒಂದು ಗೆರೆ ಹೆಚ್ಚೇ ಆಡಿ ‘ಅಕ್ಕಿ’ಯ ಗುಡಿಸನ್ನೂ ಕತ್ತರಿಸಿತು. ಅಕ್ಕನನ್ನು ಹುಡುಕಿದವರಿಗೆಲ್ಲ ಅಕ್ಕಿ ಅಂಗಡಿಯ ಪತ್ರಗಳು ಬಂದವು.

ಅವರದೇ ಅಕ್ಕ ತೀರಿಕೊಂಡು ಆರು ವರ್ಷ. ಆ ಅಕ್ಕ ಪತ್ರ ಬರೆಯುತ್ತಿದ್ದ ಹಳೇ ಕಂಪ್ಯೂಟರಿನಲ್ಲಿ ಒಂದು ಶಿಫ್ಟ್ ಕೀಲಿ ಮೊದಲೇ ಸತ್ತಿತ್ತು. ಇನ್ನೊಂದನ್ನು ತಂಗಿ, ಅಂದರೆ ಇವರೇ, ಧೂಳು ಒರೆಸಲು ಹೋಗಿ ಕಿತ್ತಿದ್ದರು. ಶಿಫ್ಟ್ ಇಲ್ಲದೆ ‘ಳ’ ಇಲ್ಲ, ‘ಣ’ ಇಲ್ಲ, ದೀರ್ಘವೂ ಇಲ್ಲ. “‘ಹೋಗ್ಲಿ ಬಿಡೇ, ಅರ್ಥ ಆಗತ್ತಲ್ಲ’ ಅಂತ ಹಾಗೇ ಬರೀತಿದ್ಲು.” ತಂಗಿ ಸಂಜೆ ತರಗತಿಯಲ್ಲಿ ನಪಾಸಾದ ದಿನ ಅಕ್ಕ ಬರೆದ ಪತ್ರವೊಂದಿದೆ. ಯಾವ ಪದವನ್ನು ಹೇಗೆ ಬರೆದಿದ್ದರೋ ನೆನಪಿಲ್ಲ. ಅಕ್ಕನದೇ ಸಾವಿರಾರು ಪತ್ರಗಳ ಅಡಿಯಲ್ಲಿ ಹೂತಿರುವ ಅದನ್ನು ತಂಗಿ ಆರು ವರ್ಷಗಳಿಂದ ಹುಡುಕುತ್ತಲೇ ಇದ್ದಾರೆ.

ಅದಕ್ಕೇ ಈ ಹೊಸ ಉಪಾಯ: ಬರೆದಂತೆಯೇ ಸಿಗದಿದ್ದರೆ ‘ಳ’ವನ್ನು ‘ಲ’ ಎಂದೂ, ‘ಣ’ವನ್ನು ‘ನ’ ಎಂದೂ, ದೀರ್ಘವನ್ನು ಹ್ರಸ್ವವೆಂದೂ ತಿಳಿದು ಇನ್ನೊಮ್ಮೆ ಹುಡುಕುವುದು. ಇಟ್ಟುಕೊಳ್ಳಬೇಕೋ ಕಿತ್ತುಹಾಕಬೇಕೋ, ಇವತ್ತು ತೀರ್ಮಾನ.

ಏಳಕ್ಕೆ ತಂಡದ ಮುಖ್ಯಸ್ಥ ಬರುತ್ತಾನೆ, ವಯಸ್ಸಿನಲ್ಲಿ ಅವರ ಮಗನಂಥವನು.

“ಬೇಳೆ ಹುಡುಕಿದೋರಿಗೆ ಬೆಲೆ ಬರತ್ತಲ್ಲಕ್ಕ. ಅಕ್ಕಿ ಆಯ್ತು, ಈಗ ಬೇಳೆನಾ?”

“ಬೇಳೆ ಇದ್ರೆ ಬೇಳೇನೇ ಬರತ್ತಪ್ಪ. ಇಲ್ದಿದ್ರೆ ಮಾತ್ರ ಬೆಲೆ. ಬರಿಗೈಲಿ ಕಳಿಸೋದಕ್ಕಿಂತ ವಾಸಿ.”

“ನೋಡೋಣ, ಒಂದು ಹುಡುಕಿ.”

ಅವರು ತಮ್ಮದೇ ಪತ್ರಪೆಟ್ಟಿಗೆ ತೆರೆಯುತ್ತಾರೆ. ಬೆರಳು ಒಂದು ಗಳಿಗೆ ತಡೆಯುತ್ತದೆ. ಇದೂ ಸೋತರೆ ಹುಡುಕಲು ಬೇರೆ ದಾರಿ ಉಳಿದಿಲ್ಲ. ‘ಅಳಬೇಡ’ ಎಂದು ಬರೆದು ಒತ್ತುತ್ತಾರೆ.

ಒಂದೇ ಒಂದು ಪತ್ರ ಬರುತ್ತದೆ. ಹತ್ತೊಂಬತ್ತು ವರ್ಷ ಹಳೆಯದು: “ಅಲಬೆಡ ಕನೆ. ನನಿದ್ದಿನಿ.”

ಹುಡುಗ ಎರಡು ಸಲ ಓದುತ್ತಾನೆ. ಕನ್ನಡಕ ತೆಗೆದು ಒರೆಸಿ, “ಇರ್ಲಿ ಅಕ್ಕ, ಇಟ್ಕೊಳ್ಳೋಣ,” ಎಂದು ತನ್ನ ಕುರ್ಚಿಗೆ ಹೋಗುತ್ತಾನೆ.

ಅಕ್ಕಿ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು ಪಟ್ಟಿಯ ಮುಂದಿನ ಪದಕ್ಕೆ ಬರುತ್ತಾರೆ. ದೊಡ್ಡ ಕೆಲಸ ಮಾಡಿದಿರಿ ಎಂದರೆ ತಲೆಯಾಡಿಸುತ್ತಾರೆ.

“ದೊಡ್ಡದೇನು ಬಂತು? ನಾನು ಕಿತ್ತ ಕೀಲಿ. ನಾನೇ ವಾಪಸ್ ಹಾಕ್ದೆ, ಅಷ್ಟೆ.”